ಮೂರನೇ ಕರೆ

ಸಣ್ಣವನಿದ್ದಾಗ ಮನೆಯ ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಅಪ್ಪನ ರೇಡಿಯೋ ಒಂದನ್ನೂ ಬಿಡದೆ ಬಿಚ್ಚಿ ಹಾಕುತ್ತಿದ್ದನೆಂದು ಅಕ್ಕ ಅವನಿಗೆ ಬಿಚ್ಚಣ್ಣ ಎಂದು ಹೆಸರಿಟ್ಟಿದ್ದಳು. "ಬಿಚ್ಚೋದಕ್ಕೆ ಕೈ ಸಾಕು ಕಣೋ, ಜೋಡಿಸೋದಕ್ಕೆ ತಲೆ ಬೇಕು" ಎಂದು ನಗುತ್ತಿದ್ದಳು. ಹೆಸರು ಅಂಟಿಕೊಂಡಿತು. ಈಗ ನಲವತ್ತು ದಾಟಿ, ಹಗಲೆಲ್ಲ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದವನು ಸಂಜೆಯಾದರೆ ಮತ್ತೆ ಬಿಚ್ಚಣ್ಣನಾಗುತ್ತಿದ್ದ. ಆ ಹೆಸರಿನಲ್ಲೇ ಒಂದು ಬ್ಲಾಗ್ ಬರೆಯುತ್ತಿದ್ದ.

ಹೊಸ ಫೋನು, ಇಯರ್‌ಫೋನು, ಕೈಗಡಿಯಾರ, ತಾನೇ ನೆಲ ಗುಡಿಸುವ ಯಂತ್ರ, ಏನು ಸಿಕ್ಕಿದರೂ ವಾರಗಟ್ಟಲೆ ಬಳಸಿ, ಹೊಗಳಬೇಕಾದ್ದನ್ನು ಹೊಗಳಿ, ಉಗಿಯಬೇಕಾದ್ದನ್ನು ಉಗಿದು ಬರೆಯುವುದು ಅವನ ಪದ್ಧತಿ. "ಡಬ್ಬಿ ಮೇಲಿನ ಚಿತ್ರ ನೋಡಿ ಹೆಣ್ಣು ಕೊಡಬೇಡಿ" ಎಂಬ ಅವನ ಮಾತು ಓದುಗರಿಗೆಲ್ಲ ಬಾಯಿಪಾಠ. ಆದರೆ ಅವರು ನಿಜಕ್ಕೂ ಕಾಯುತ್ತಿದ್ದದ್ದು ಅಕ್ಕನಿಗಾಗಿ. ಯಾವ ಸಾಧನದ ಮೈಕು ಹೇಗಿದೆ ಎಂದು ಪರೀಕ್ಷಿಸಲು ಅವನು ಅಕ್ಕನ ಕೈಗೆ ಅದರದೇ ಬಳಕೆಯ ಪುಸ್ತಿಕೆ ಕೊಟ್ಟು ಓದಿಸಿ, ಆ ಧ್ವನಿಯನ್ನು ಬ್ಲಾಗಿಗೆ ಹಾಕುತ್ತಿದ್ದ. ಶಾಲೆಯಲ್ಲಿ ಪಾಠ ಹೇಳಿ ಪಳಗಿದ ಗಂಟಲು. "ಒದ್ದೆ ಕೈಯಲ್ಲಿ ಮುಟ್ಟಬೇಡಿ" ಎನ್ನುವುದನ್ನೂ ಅವಳು ಮಗುವಿಗೆ ಬುದ್ಧಿ ಹೇಳಿದ ಹಾಗೆ ಓದುತ್ತಿದ್ದಳು. ಪ್ರತಿ ವಾಕ್ಯಕ್ಕೆ ಮೊದಲು ಚಿಕ್ಕದೊಂದು ಉಸಿರು ಒಳಗೆಳೆದುಕೊಳ್ಳುವ ಅಭ್ಯಾಸ ಅವಳಿಗೆ. ಓದುಗರು ಅವಳನ್ನು ಓದೋ ಅಕ್ಕ ಎಂದು ಕರೆಯುತ್ತಿದ್ದರು.

ಹೋದ ವರ್ಷ ಜ್ವರವೆಂದು ಮಲಗಿದ ಅಕ್ಕ ಏಳಲಿಲ್ಲ. ಬಿಚ್ಚಣ್ಣ ಕೆಲವು ತಿಂಗಳು ಬ್ಲಾಗಿನ ಕಡೆ ತಲೆ ಹಾಕಲಿಲ್ಲ. ಮತ್ತೆ ಶುರು ಮಾಡಿದಾಗ ಮೈಕಿನ ಪರೀಕ್ಷೆ ಒಂದನ್ನು ಕೈಬಿಟ್ಟ. ಯಾಕೆಂದು ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಒಂದು ಸಣ್ಣ ಕಂಪನಿಯಿಂದ ಪೊಟ್ಟಣ ಬಂತು. ಒಳಗೆ ಅಂಗೈಯಗಲದ ಬಿಳಿ ಡಬ್ಬಿ. ಒಳಗೆ ಮಾತ್ರೆ ತುಂಬಿಟ್ಟರೆ, ವಯಸ್ಸಾದವರು ಮುಚ್ಚಳ ತೆರೆದು ತೆಗೆದುಕೊಳ್ಳುವವರೆಗೂ ಮಾತ್ರೆಯ ಹೊತ್ತನ್ನು ಬಾಯಲ್ಲಿ ಹೇಳಿ ನೆನಪಿಸುವ ಸಾಧನ. ಬಳಸಿ ನೋಡಿ ಬರೆಯಿರಿ ಎಂದು ಕೇಳಿದ್ದರು. ಬಿಚ್ಚಣ್ಣ ಊಟದ ಮೇಜಿನ ಮೇಲೆ ಅದನ್ನಿಟ್ಟು, ಸೆಲ್ ಹಾಕಿ, ಗಂಟೆ ಹೊಂದಿಸಿ, ಕಾಫಿ ಲೋಟ ಕೈಗೆತ್ತಿಕೊಂಡ.

ಡಬ್ಬಿ ಚಿಕ್ಕದೊಂದು ಉಸಿರು ಒಳಗೆಳೆದುಕೊಂಡಿತು. ಆಮೇಲೆ ಹೇಳಿತು, "ಮಾತ್ರೆಯ ಹೊತ್ತಾಯಿತು."

ಅವನ ಕೈಯಿಂದ ಕಾಫಿ ತುಳುಕಿ ತೊಡೆಯ ಮೇಲೆ ಬಿತ್ತು. ಬಿಸಿ ಗೊತ್ತಾಗಲಿಲ್ಲ. ಅಡಿಗೆಮನೆಯಲ್ಲಿದ್ದ ಹೆಂಡತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅತ್ತಿಗೆದು ಹಳೇ ಧ್ವನಿ ಯಾವುದೋ ಹಾಕಿದ್ರಾ?"

"ಇಲ್ಲ."

"ಮತ್ತೆ?"

ಅವನು ಉತ್ತರ ಕೊಡುವಷ್ಟರಲ್ಲಿ ಡಬ್ಬಿ ಮತ್ತೆ ಉಸಿರೆಳೆದುಕೊಂಡಿತು. "ಇನ್ನೂ ತಗೊಂಡಿಲ್ಲ ನೀವು." ಸ್ವಲ್ಪ ಹೊತ್ತಿಗೆ ಮೂರನೆಯದು ಬಂತು. "ತಗೊಂಡುಬಿಡಿ. ನಾನು ಕಾಯ್ತಾ ಇದ್ದೀನಿ."

ಹೆಂಡತಿ ಸೌಟನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು. ಆ ಮೂರು ಮಾತುಗಳನ್ನು ಅಕ್ಕ ಯಾವ ಪುಸ್ತಿಕೆಯಲ್ಲೂ ಓದಿರಲಿಲ್ಲ. ಅವಳು ಓದಿದ್ದೆಲ್ಲ ಬಿಚ್ಚಣ್ಣನಿಗೆ ನೆನಪಿತ್ತು. ಬದುಕಿದ್ದಾಗ ಆಡದೇ ಹೋದ ಮಾತನ್ನು ಅವಳು ಈಗ ಆಡುತ್ತಿದ್ದಳು.

ಅವನಿಗೆ ತಿಳಿದದ್ದು ಒಂದೇ ದಾರಿ. ಸ್ಕ್ರೂಡ್ರೈವರ್ ತಂದು ಡಬ್ಬಿಯನ್ನು ಬಿಚ್ಚಿದ. ಒಂದು ಪುಟ್ಟ ಸ್ಪೀಕರು, ಎರಡು ತಂತಿ, ಉಗುರಿನಷ್ಟು ದೊಡ್ಡ ಕರಿ ಚಿಪ್. ಅಷ್ಟೆ. ಮತ್ತೆ ಜೋಡಿಸಲು ಬಹಳ ಹೊತ್ತು ಹಿಡಿಯಿತು.

ಕಂಪನಿಗೆ ಫೋನು ಮಾಡಿದ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು.

"ಅದು ನಾಲ್ಕನೇ ನಂಬರಿನ ಧ್ವನಿ ಸರ್. ಬೇರೆ ಕಡೆಯಿಂದ ಕೊಂಡುಕೊಂಡಿದ್ದು. ಎಲ್ಲರಿಗೂ ತುಂಬಾ ಇಷ್ಟ ಆಗಿದೆ."

"ಅದು ನಮ್ಮ ಅಕ್ಕ."

"ಅದು ಯಾರ ಧ್ವನಿನೂ ಅಲ್ಲ ಸರ್. ಕಂಪ್ಯೂಟರಿನಲ್ಲಿ ಮಾಡಿದ್ದು."

"ಯಾರದ್ದೂ ಅಲ್ಲದ ಧ್ವನಿಗೆ ಉಸಿರು ಯಾಕಮ್ಮ ಬೇಕು?"

ಅವಳು ಮೆತ್ತಗೆ, "ವಿಚಾರಿಸ್ತೀನಿ ಸರ್" ಎಂದಳು. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಮಾರಿದವರು ಇನ್ಯಾರಿಂದಲೋ ತಂದಿದ್ದರಂತೆ, ಆ ಇನ್ಯಾರೋ ಅಂತರ್ಜಾಲದಲ್ಲಿ ಬಿದ್ದಿದ್ದ ಧ್ವನಿಗಳನ್ನು ಗುಡಿಸಿ ಒಟ್ಟು ಮಾಡಿದ್ದರಂತೆ. ಅದರಾಚೆಗೆ ಜಾಡು ಸಿಗಲಿಲ್ಲ. "ಬೇಡ ಅಂದ್ರೆ ಬದಲಾಯಿಸ್ತೀವಿ ಸರ್. ಬರೆದು ಕಳಿಸಿ" ಎಂದಳು. ಅವನು ಬರೆಯಲು ಕೂತ. ಒಂದು ಸಾಲೂ ಹುಟ್ಟಲಿಲ್ಲ.

"ಭಾವನಿಗೆ ಹೇಳೋದು ಬೇಡ" ಎಂದ ಹೆಂಡತಿಗೆ.

"ಅವರ ಹೆಂಡತಿ ದನಿ ಅದು. ಅವರಿಗೆ ಹೇಳ್ದೆ ಬಚ್ಚಿಡೋದಕ್ಕೆ ನೀವ್ಯಾರು?" ಎಂದಳು ಅವಳು. ಹಾಗೆಂದವಳೇ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗಿಟ್ಟಳು.

ಭಾವ, ಅಂದರೆ ಅಕ್ಕನ ಗಂಡ, ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕುತ್ತಿಗೆಯಲ್ಲಿ ಅಳತೆ ಪಟ್ಟಿ ಇಲ್ಲದೆ ಅವರನ್ನು ಕಂಡವರು ಕಡಿಮೆ. ರಕ್ತದೊತ್ತಡಕ್ಕೆ ದಿನಾ ಮಾತ್ರೆ ನುಂಗುವವರು. ಮೊದಲೇ ಮಾತು ಕಮ್ಮಿ. ಅಕ್ಕ ಹೋದ ಮೇಲೆ ಗಿರಾಕಿಗಳ ಹತ್ತಿರ ಎದೆ, ತೋಳು, ಉದ್ದ ಎನ್ನುವುದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಭಾನುವಾರ ಮಗಳ ಜೊತೆ ಬಿಚ್ಚಣ್ಣನ ಮನೆಗೆ ಊಟಕ್ಕೆ ಬಂದರು. ಮಗಳು ಪುಟ್ಟಿ ಪುಟ್ಟ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಅಪ್ಪ ಮಗಳು ಇಬ್ಬರೇ ಆ ಮನೆಯಲ್ಲಿ.

ಊಟ ಮುಗಿದು ಭಾವ ನೀರಿನ ಲೋಟ ಎತ್ತಿದ್ದರು. ಕಪಾಟಿನೊಳಗಿಂದ, ಬಟ್ಟೆಯ ಮರೆಯಿಂದ ಆ ಉಸಿರು ಕೇಳಿಸಿತು. ಅಂದು ಬೆಳಿಗ್ಗೆ ಮತ್ತೊಮ್ಮೆ ಕೇಳಲೆಂದು ಹಾಕಿದ್ದ ಸೆಲ್ ತೆಗೆಯುವುದನ್ನು ಬಿಚ್ಚಣ್ಣ ಮರೆತೇಬಿಟ್ಟಿದ್ದ.

"ಮಾತ್ರೆಯ ಹೊತ್ತಾಯಿತು."

ಪುಟ್ಟಿಯ ಕೈ ಬಾಯಿಗೆ ಹೋಯಿತು. ಭಾವನ ಲೋಟ ತುಟಿಯ ಹತ್ತಿರವೇ ನಿಂತಿತ್ತು. ಅವರು ಯಾರ ಮುಖವನ್ನೂ ನೋಡಲಿಲ್ಲ. ಕಪಾಟನ್ನೇ ನೋಡುತ್ತ ಕೂತರು. ಎರಡನೆಯದು ಬಂತು, ಮೂರನೆಯದೂ ಬಂತು. "ನಾನು ಕಾಯ್ತಾ ಇದ್ದೀನಿ" ಎಂದಾಗ ಭಾವ ಲೋಟ ಕೆಳಗಿಟ್ಟು, "ಬಂದೆ ಕಣೇ" ಎಂದರು. ದಿನಾ ಹೇಳುವ ಹಾಗೆ, ತೀರ ಸಹಜವಾಗಿ.

ಬಿಚ್ಚಣ್ಣ ತನಗೆ ಗೊತ್ತಿದ್ದಷ್ಟನ್ನು ಹೇಳಿದ. ಅದು ಅಕ್ಕನಲ್ಲ, ಯಂತ್ರ, ಹೀಗೆ ಹೀಗೆ ಮಾಡುತ್ತಾರೆ ಎಂದು ವಿವರಿಸಿದ. ಭಾವ ತಲೆಯಾಡಿಸುತ್ತ ಕೇಳಿಸಿಕೊಂಡರು.

"ಗೊತ್ತಾಯ್ತು. ಸತ್ತೋರು ಬರಲ್ಲ ಅಂತ ಗೊತ್ತಿಲ್ದಷ್ಟು ದಡ್ಡ ಅಲ್ಲ ನಾನು" ಎಂದರು. ಹೊರಡುವಾಗ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಕೊಡಿ ಎಂದು ಕೇಳಲೂ ಇಲ್ಲ, ಇವರು ಬೇಡ ಎನ್ನಲೂ ಇಲ್ಲ.

ಆಮೇಲೆ ಭಾವ ಬದಲಾದರು. ಗಡ್ಡ ಬೋಳಿಸಿಕೊಂಡರು. ನಿಂತುಹೋಗಿದ್ದ ಕೋಟಿನ ಹೊಲಿಗೆಯನ್ನು ಮತ್ತೆ ಹಿಡಿದರು. ಅಪ್ಪ ಗಿರಾಕಿಗಳ ಜೊತೆ ತಮಾಷೆ ಮಾಡುತ್ತಾರೆಂದು ಪುಟ್ಟಿ ಫೋನಿನಲ್ಲಿ ಹೇಳಿದಳು. ಬಿಚ್ಚಣ್ಣನ ಹೆಂಡತಿಗೆ ಖುಷಿಯಾಯಿತು. ಬಿಚ್ಚಣ್ಣನಿಗೆ ಮಾತ್ರ ನೆಮ್ಮದಿ ಹತ್ತಿರ ಸುಳಿಯಲಿಲ್ಲ. ಅಂಗಡಿಯಲ್ಲಿ ಗಾಜು ಉಜ್ಜುವ ಚಕ್ರ ನಿಂತ ಕೂಡಲೇ ಆ ಉಸಿರು ಕೇಳಿದಂತಾಗುತ್ತಿತ್ತು. ಹೊರಗಿನ ಸದ್ದೆಲ್ಲ ಅಡಗಿಸುವ ಇಯರ್‌ಫೋನೊಂದು ಪರೀಕ್ಷೆಗೆ ಬಂದಿತ್ತು. ಹಾಕಿಕೊಂಡ, ಬೀದಿ ಮಾಯವಾಯಿತು, ಫ್ಯಾನು ಮಾಯವಾಯಿತು, ಉಳಿದ ಆ ನಿಶ್ಶಬ್ದದಲ್ಲಿ ಯಾರೋ ಮಾತಿಗೆ ಮುಂಚೆ ಉಸಿರೆಳೆದುಕೊಂಡರು. ಕಿತ್ತು ಮೇಜಿನ ಮೇಲೆ ಎಸೆದ. ಅದು ತನ್ನದೇ ಉಸಿರೆಂದು ತನಗೇ ಹೇಳಿಕೊಂಡ.

ಬ್ಲಾಗಿನಲ್ಲೂ ಅವಳು ಸಿಕ್ಕಿದಳು. ಬೇರೆ ಯಾವುದೋ ಬರಹದ ಕೆಳಗೆ ಒಬ್ಬ ಓದುಗ ಬರೆದಿದ್ದ: "ಅಣ್ಣಾ, ನಮ್ಮಮ್ಮನ ಮಾತ್ರೆ ಡಬ್ಬಿಯಲ್ಲಿ ಮಾತಾಡೋದು ನಿಮ್ಮ ಓದೋ ಅಕ್ಕ ತಾನೆ? ಅಮ್ಮ ಅವರಿಗೆ ದಿನಾ ಊಟ ಆಯ್ತಾ ಅಂತ ಕೇಳ್ತಾರೆ." ಬಿಚ್ಚಣ್ಣ ಹಳೆಯ ಧ್ವನಿಗಳನ್ನೆಲ್ಲ ಅಳಿಸಿಬಿಡೋಣವೆಂದು ಕೂತ. ಮೊದಲನೆಯದರ ಮೇಲೆ ಬೆರಳಿಟ್ಟ. ಒಂದು ಸಲ ಕೇಳೋಣ ಎಂದು ಒತ್ತಿದ. ಕತ್ತಲಾಗುವವರೆಗೂ ಕೇಳುತ್ತ ಕೂತಿದ್ದ. ಒಂದನ್ನೂ ಅಳಿಸಲಿಲ್ಲ.

ಒಂದು ಮಧ್ಯಾಹ್ನ ಪುಟ್ಟಿಯ ಫೋನು ಬಂತು. "ಮಾಮ, ಅಪ್ಪ ಕತ್ತರಿಸೋ ಮೇಜಿನ ಮೇಲೆ ಬಿದ್ದುಬಿಟ್ಟಿದ್ದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀವಿ" ಎಂದಳು.

ರಕ್ತದೊತ್ತಡ ವಿಪರೀತ ಏರಿತ್ತು. ಸ್ವಲ್ಪ ತಡವಾಗಿದ್ದರೆ ಮೈಯ ಒಂದು ಕಡೆ ಬಿದ್ದುಹೋಗುತ್ತಿತ್ತು ಎಂದರು ಡಾಕ್ಟರು. "ಮಾತ್ರೆ ಸರಿಯಾಗಿ ತಗೋತಿದ್ರಾ?"

"ತಗೋತಿದ್ರು. ಡಬ್ಬಿಗೆ ನಾನೇ ತುಂಬಿಸ್ತಿದ್ದೆ. ವಾರದ ಕೊನೆಗೆ ಖಾಲಿ ಇರ್ತಿತ್ತು" ಎಂದಳು ಪುಟ್ಟಿ.

ಭಾವನ ಬಟ್ಟೆ ತರಲೆಂದು ಬಿಚ್ಚಣ್ಣ, ಪುಟ್ಟಿ ಮನೆಗೆ ಹೋದರು. ಹೊಲಿಗೆ ಯಂತ್ರದ ಪಕ್ಕ ಗುಂಡಿಗಳ ತಗಡಿನ ಡಬ್ಬ ಮುಚ್ಚಳ ತೆಗೆದೇ ಇತ್ತು. ಬಿಚ್ಚಣ್ಣ ಸುಮ್ಮನೆ ಅದರೊಳಗೆ ಕೈಯಾಡಿಸಿದ. ಬಿಳಿ ಅಂಗಿ ಗುಂಡಿಗಳ ನಡುವೆ ಅದೇ ಬಣ್ಣದ, ಅದೇ ಗಾತ್ರದ ಮಾತ್ರೆಗಳು. ಒಂದೊಂದಾಗಿ ಆರಿಸಿ ಹಾಕಿದರೆ ಪುಟ್ಟಿಯ ಬೊಗಸೆ ತುಂಬಿತು. ಅವಳು ಅದನ್ನೇ ನೋಡುತ್ತ ನಿಂತಳು.

"ತಗೊಂಡುಬಿಟ್ರೆ ಒಳ್ಳೆಯದಾಯಿತು ಅಂತ ಹೇಳಿ ಸುಮ್ಮನಾಗ್ತಾಳೆ" ಎಂದರು ಭಾವ ಆಸ್ಪತ್ರೆಯ ಹಾಸಿಗೆಯಲ್ಲಿ, ಬಿಚ್ಚಣ್ಣ ಕೇಳಿದಾಗ. ತಪ್ಪು ಸಿಕ್ಕಿಬಿದ್ದ ಹುಡುಗನ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. "ರಾತ್ರಿ ತೆಗೆದು ಗುಂಡಿ ಜೊತೆ ಹಾಕ್ತಿದ್ದೆ. ಅಲ್ಲೀವರೆಗೂ ತಗೊಳ್ದೇ ಇದ್ರೆ ಮೂರು ಸಲ ಕರೀತಾಳೆ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಮೊದಲೂ ಹಾಗೇ ಅಲ್ವಾ? ಮೂರು ಸಲ ಕರೆಸಿಕೊಳ್ದೆ ನಾನು ಯಾವತ್ತು ಊಟಕ್ಕೆ ಎದ್ದಿದ್ದೆ?"

"ಅದು ಅಕ್ಕ ಅಲ್ಲ ಭಾವ."

"ಅಲ್ಲ ಅಂತ ನನಗೂ ಗೊತ್ತು. ಪದೇ ಪದೇ ಅದನ್ನೇ ಹೇಳ್ಬೇಡ."

ಬಿಚ್ಚಣ್ಣ ಹೊರಗಿನ ಬೆಂಚಿನ ಮೇಲೆ ಕೂತು ಕಂಪನಿಗೆ ಫೋನು ಮಾಡಿದ. ಒಂದೇ ಡಬ್ಬಿಯ ಧ್ವನಿ ಬದಲಿಸಲಾಗದು, ಬದಲಿಸಿದರೆ ಇಂಟರ್‌ನೆಟ್ಟಿನ ಮೂಲಕ ಎಲ್ಲ ಡಬ್ಬಿಗಳಲ್ಲೂ ಒಟ್ಟಿಗೇ ಬದಲಾಗುತ್ತದೆ ಎಂದಳು ಆ ಹೆಣ್ಣುಮಗಳು. ಊಟ ಆಯ್ತಾ ಎಂದು ಕೇಳುವ ಆ ಅಮ್ಮನ ನೆನಪಾಯಿತು. ಕಣ್ಣು ಮುಚ್ಚಿಕೊಂಡು "ಬದಲಾಯಿಸಿ" ಎಂದ. ಅಂದೇ ಬರೆದೂ ಕಳಿಸಿದ. ಭಾವನನ್ನು ಕೇಳಲಿಲ್ಲ.

ಭಾವ ಮನೆಗೆ ಬಂದ ದಿನ ಡಬ್ಬಿ ಯಾರೋ ಹುಡುಗನ ಧ್ವನಿಯಲ್ಲಿ ಮಾತಾಡಿತು. ಭಾವ ಮೂರೂ ಸಲ ಕೇಳಿದರು. ಆಮೇಲೆ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಬಾಗಿಲ ಬಳಿ ನಿಂತಿದ್ದ ಬಿಚ್ಚಣ್ಣನನ್ನು ನೋಡಿದರು.

"ನೀನಾ?"

"ಹೂಂ, ಭಾವ."

"ಎರಡು ಸಲಾನೂ ನನ್ನನ್ನ ಕೇಳ್ದೆ ಹೋದಳು ನೋಡು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಎದ್ದು ಹೋಗಿ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸತೊಡಗಿದರು. ದಾರ ಹೋಗಲಿಲ್ಲ. ಬಿಚ್ಚಣ್ಣನೇ ಹತ್ತಿರ ಹೋಗಿ ಪೋಣಿಸಿಕೊಟ್ಟ.

ಅಂದಿನಿಂದ ಅಂಗಡಿಗೆ ಹೋಗುವ ಮೊದಲು ಅವನು ಭಾವನ ಮನೆ ಹೊಕ್ಕು ಹೋಗತೊಡಗಿದ. ಮಾತ್ರೆ ಕೈಗೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದ. "ನಾನೇನು ಕುದುರೆನಾ?" ಎಂದು ಭಾವ ಗೊಣಗುತ್ತಿದ್ದರು. ಡಬ್ಬಿಯ ಬಗ್ಗೆ ಅವನು ಬ್ಲಾಗಿನಲ್ಲಿ ಬರೆಯಲೇ ಇಲ್ಲ. ಹೊಸ ಫೋನುಗಳು ಬಂದವು, ಅವುಗಳ ಬಗ್ಗೆ ಬರೆದ. ಅಂಗಡಿಯ ಚಕ್ರ ನಿಂತಾಗ ಈಗಲೂ ಕೆಲಸ ಬಿಟ್ಟು ಒಂದು ಗಳಿಗೆ ಕಿವಿಗೊಡುತ್ತಿದ್ದ.

ಕೆಲವು ವಾರಗಳ ಮೇಲೆ ಡಾಕ್ಟರಿಗೆ ತೋರಿಸಿಕೊಂಡು ಇಬ್ಬರೂ ನಡೆದು ಬರುತ್ತಿದ್ದರು. ಇಳಿಬಿಸಿಲು. ಬೀದಿಗೆ ತೆರೆದುಕೊಂಡ ಕಿಟಕಿಗಳಿದ್ದ ಮನೆಗಳ ಸಾಲು. ಒಂದು ಕಿಟಕಿ ದಾಟುವಾಗ ಒಳಗಿಂದ ಯಾರೋ ಉಸಿರೆಳೆದುಕೊಂಡರು.

"ಮಾತ್ರೆಯ ಹೊತ್ತಾಯಿತು."

ಇಂಟರ್‌ನೆಟ್ಟಿಗೆ ಸೇರಿಸದ ಡಬ್ಬಿ ಇರಬೇಕು. ಬಿಚ್ಚಣ್ಣ ಭಾವನ ತೋಳು ಹಿಡಿದು ಮುಂದೆ ಕರೆದುಕೊಂಡು ಹೋಗಬೇಕೆಂದುಕೊಂಡ, ಕೈ ಏಳಲಿಲ್ಲ. ಭಾವ ಆಗಲೇ ನಿಂತುಬಿಟ್ಟಿದ್ದರು. ತಲೆ ಸ್ವಲ್ಪ ವಾಲಿಸಿ, ಎರಡನೆಯದಕ್ಕೆ ಕಾಯುತ್ತಿದ್ದರು.

ಒಳಗೆ ಕುರ್ಚಿ ಸರಿದ ಸದ್ದು. ಮುಚ್ಚಳ ಟಕ್ಕೆಂದಿತು. ಒಬ್ಬ ಮುದುಕನ ಕೆಮ್ಮು.

"ಒಳ್ಳೆಯದಾಯಿತು" ಎಂದಳು ಅವಳು. ಆಮೇಲೆ ಸದ್ದಿಲ್ಲ.

ಭಾವ ಇನ್ನೂ ಸ್ವಲ್ಪ ಹೊತ್ತು ನಿಂತರು. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯಿತು.

"ಮೊದಲನೇ ಸಲಕ್ಕೇ ತಗೊಂಡುಬಿಟ್ಟ, ಪುಣ್ಯಾತ್ಮ" ಎಂದರು. "ನಡಿ."