ಭಾವ ಬೈದ ದಿನ

ಭಾವ ಬೈಯುವುದನ್ನು ನಿಲ್ಲಿಸಿದಾಗಲೇ ಅಕ್ಕನಿಗೆ ನಿಜವಾಗಿ ಭಯವಾದದ್ದು.

ಅಪಘಾತದ ದಿನ ಅವಳು ಅತ್ತಿರಲಿಲ್ಲ. ಭಾವ ಬಸ್ಸಿನ ಡ್ರೈವರು. ತಿರುವಿನಲ್ಲಿ ಹಾರ್ನ್ ಹೊಡೆಯುತ್ತ ತಪ್ಪು ಬದಿಯಿಂದ ನುಗ್ಗಿದ ಲಾರಿಯನ್ನು ತಪ್ಪಿಸಲು, ತುಂಬಿದ ಬಸ್ಸನ್ನು ರಸ್ತೆ ಪಕ್ಕದ ಮರಳಿನ ರಾಶಿಗೆ ಹತ್ತಿಸಿ ನಿಲ್ಲಿಸಿದ್ದರು. ಎಲ್ಲರೂ ಬದುಕಿದರು. ಭಾವನ ಬಲಗಾಲು ಮಾತ್ರ ಆ ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಬೀದಿಯಲ್ಲಿ ಹಾರ್ನ್ ಕೇಳಿದರೆ ಊಟದ ಮೇಜಿನ ಕೆಳಗೆ ಅದು ಧಡ್ಡೆಂದು ನೆಲವನ್ನು ಒತ್ತುತ್ತಿತ್ತು. ನಿದ್ದೆಯಲ್ಲಿ ಒದ್ದು ಒದ್ದು ಮಂಚದ ಕಾಲುಕಡೆಯ ಹಲಗೆ ಸೀಳಿಹೋಗಿ, ಅಕ್ಕ ಅಲ್ಲೊಂದು ದಿಂಬು ಕಟ್ಟಿದ್ದಳು. ಬಸ್ಸು ಓಡಿಸುವುದಿರಲಿ, ಹತ್ತುವುದಕ್ಕೂ ಅವರಿಂದ ಆಗುತ್ತಿರಲಿಲ್ಲ.

ಇದನ್ನೆಲ್ಲ ಅಕ್ಕ ಸಹಿಸಿದಳು. ಸಹಿಸಲಾಗದೆ ಹೋದದ್ದು ಅವರ ಸಭ್ಯತೆಯನ್ನು. ಮೊದಲೆಲ್ಲ ಭಾವನ ಬಾಯಿಗೆ ಸಿಕ್ಕಿ ಪಾರಾದವರಿಲ್ಲ. ಅದರಲ್ಲೂ ನನ್ನ ಡ್ರೈವಿಂಗ್ ಎಂದರೆ ಅವರಿಗೆ ವಿಶೇಷ ಪ್ರೀತಿ. ನಾನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಳ್ಳುವವನು, ಪುಸ್ತಕ ಓದಿ ಕಾರು ಕಲಿತವನು. ನಮ್ಮ ಪ್ರೊಫೆಸರ್ರು ಕಾರು ಓಡಿಸುವುದಿಲ್ಲ, ಅದರ ಜೊತೆ ವಾಕಿಂಗ್ ಹೋಗುತ್ತಾರೆ ಎಂದು ನನ್ನನ್ನು ಬಂಧುಗಳ ಮುಂದೆಲ್ಲ ಆಡಿಕೊಂಡು, ಹೇಳಿಕೊಂಡು ತಿರುಗುತ್ತಿದ್ದರು. ಈಗ ಏನು ಮಾಡಿದರೂ ‘ಪರವಾಗಿಲ್ಲ, ಚೆನ್ನಾಗಿದೆ’. ಅಕ್ಕ ಒಂದು ದಿನ ಬೇಕೆಂದೇ ಉಪ್ಪಿಲ್ಲದ ಅಡುಗೆ ಬಡಿಸಿ ನೋಡಿದಳು. ಆಮೇಲೆ ನನಗೆ ಫೋನು ಮಾಡಿದಳು.

“ಚೆನ್ನಾಗಿದೆ ಅಂದ್ರು ಕಣೋ. ಇನ್ನೊಂದು ಸಲ ಬಡಿಸ್ಕೊಂಡು ತಿಂದ್ರು.” ಅಷ್ಟು ಹೇಳಿ ಬಿಕ್ಕಿಬಿಕ್ಕಿ ಅತ್ತಳು.

ಮಾತ್ರೆಗಳಿಂದ, ಆಪ್ತಸಲಹೆಯಿಂದ ಅರ್ಧಂಬರ್ಧ ಗುಣ ಕಂಡಿತು. ಆಗ ಡಾಕ್ಟರು ಅಯಸ್ಕಾಂತದ ಚಿಕಿತ್ಸೆಯ ಮಾತೆತ್ತಿದರು. ತಲೆಯ ಮೇಲೆ ತಂತಿಯ ಸುರುಳಿಯೊಂದನ್ನು ಇಟ್ಟು ಕಾಂತದ ಬಡಿತ ಕೊಡುತ್ತಾರೆ, ಒಳಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ನೆನಪು ಅಳಿಸಿಹೋಗುವುದಿಲ್ಲ, ಅದು ಎಬ್ಬಿಸುವ ಗಾಬರಿ ತಗ್ಗಬಹುದು. ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ, ಅಂದರು. ಅಕ್ಕ ಎಲ್ಲವನ್ನೂ ಕೇಳಿ, ಬೈಗುಳ ವಾಪಸ್ಸು ಬರುತ್ತದೆಯೇ ಎಂದು ವಿಚಾರಿಸಿದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮಿದುಳನ್ನು ನೋಡಿದೆ.

ಭಾವನಿಗೆ ಧೈರ್ಯ ಬರಲೆಂದು ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ. ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿ, ಮೀಟರಿನ ಮುಳ್ಳು ಅಲುಗುವುದನ್ನು ತೋರಿಸಿ, ಒಂದು ಪೂರ್ತಿ ಪಾಠವನ್ನೇ ಮಾಡಿದೆ. ಹಿಂದಿನ ಭಾವನಾಗಿದ್ದರೆ ಅರ್ಧಕ್ಕೇ ಗೊರಕೆ ಹೊಡೆದು ತೋರಿಸುತ್ತಿದ್ದರು. ಇವರು ಕೊನೆಯವರೆಗೂ ಕೇಳಿ, ತುಂಬ ಚೆನ್ನಾಗಿ ವಿವರಿಸಿದೆ ಅಂದರು. ಆವತ್ತು ನನಗೂ ಭಯವಾಯಿತು.

ದಿನಾ ಬೆಳಿಗ್ಗೆ ಅವರನ್ನು ಚಿಕಿತ್ಸೆಗೆ ಕರೆದೊಯ್ಯುವ ಕೆಲಸ ನನ್ನದು. ಭಾವ ಹಿಂದಿನ ಸೀಟಿನಲ್ಲಿ, ಸರಿಯಾಗಿ ನನ್ನ ಬೆನ್ನ ಹಿಂದೆ ಕೂರುತ್ತಿದ್ದರು, ಪಕ್ಕದಲ್ಲಿ ಅಕ್ಕ. ಎಲ್ಲಾದರೂ ಹಾರ್ನ್ ಕೇಳಿದರೆ ಅವರ ಬ್ರೇಕು ಬಂದು ಬೀಳುತ್ತಿದ್ದುದು ನನ್ನ ಸೊಂಟಕ್ಕೆ. ಒಡನೆಯೇ ‘ಸಾರಿ ಕಣೋ’ ಎಂಬ ಮೆಲುದನಿ. ಒದೆಗಿಂತ ಅದೇ ಹೆಚ್ಚು ನೋಯುತ್ತಿತ್ತು.

ಅಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಂಥದೊಂದು ಕುರ್ಚಿ. ವಾಚು, ಉಂಗುರ, ಬೀಗದ ಕೈ ಎಲ್ಲ ಹೊರಗಿಟ್ಟು ಕೂರಬೇಕು. ಯಂತ್ರ ಮರಕುಟಿಗನಂತೆ ಟೊಕ ಟೊಕ ಸದ್ದು ಮಾಡುವುದರಿಂದ ಕಿವಿಗೆ ಬೆಣೆ. ಬಡಿತದ ಬಲ ಎಷ್ಟಿರಬೇಕೆಂದು ಗೊತ್ತುಮಾಡಲು, ಮೊದಲು ತಲೆಯ ಮೇಲೆ ಎಲ್ಲಿ ಬಡಿದರೆ ಕೈಯ ಹೆಬ್ಬೆರಳು ಮಿಡಿಯುತ್ತದೋ ಆ ಜಾಗ ಹುಡುಕುತ್ತಾರೆ. ಟೆಕ್ನಿಷಿಯನ್ ಹುಡುಗಿ ಬಲು ಅಚ್ಚುಕಟ್ಟು. ಕಿವಿ ಮುಚ್ಚಿರುತ್ತದಲ್ಲ, ಶುರು ಮಾಡುವ ಮುನ್ನ ರೋಗಿಗೆ ಸೂಚನೆಯಾಗಲಿ ಎಂದು ಕುರ್ಚಿಯ ಬೆನ್ನಿಗೆ ಒಮ್ಮೆ ಟಕ್ ಎಂದು ತಟ್ಟುತ್ತಿದ್ದಳು.

ತಟ್ಟಿದಳು. ಭಾವನ ಬಲಗಾಲು ಕಾಲುಮಣೆಯನ್ನು ಧಡ್ಡೆಂದು ಒತ್ತಿತು. ಮೈ ಮರಗಟ್ಟಿತು, ತಲೆ ಸುರುಳಿಯಿಂದ ಅತ್ತ ಸರಿಯಿತು.

“ತಪ್ಪಾಯ್ತಮ್ಮ.”

ಹುಡುಗಿ ಸುರುಳಿಯನ್ನು ಮತ್ತೆ ಸರಿಯಾಗಿ ಇಟ್ಟು, ಮತ್ತೆ ತಟ್ಟಿದಳು. ಮತ್ತೆ ಬ್ರೇಕು. ಮರುದಿನವೂ ಅದೇ ಕತೆ. ಬಲ ಜಾಸ್ತಿಯಾಯಿತೇನೋ ಎಂದು ನಾನು ನನ್ನ ಸಿದ್ಧಾಂತ ಮಂಡಿಸಿದೆ. ಯಂತ್ರವನ್ನು ಇನ್ನೂ ಒತ್ತಿಯೇ ಇಲ್ಲ ಸಾರ್, ಎಂದಳು ಹುಡುಗಿ. ಡಾಕ್ಟರು ಬಂದು ನೋಡಿ, ತಲೆ ನಿಲ್ಲದಿದ್ದರೆ ಬಡಿತ ಎಲ್ಲೆಲ್ಲಿಗೋ ಬೀಳುತ್ತದೆ, ಇವತ್ತೂ ಆಗದಿದ್ದರೆ ಈ ಚಿಕಿತ್ಸೆ ಕೈಬಿಡೋಣ ಅಂದರು. ಭಾವ ತಲೆ ಅಲ್ಲಾಡಿಸಿದರು. ಪರವಾಗಿಲ್ಲ ಅಂದರು.

ಅಕ್ಕ ಮೂಲೆಯ ಸ್ಟೂಲಿನಿಂದ ಎದ್ದಳು. ಮದುವೆಗೆ ಮುಂಚೆ ಅವಳು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದುದು ಭಾವನ ಬಸ್ಸಿನಲ್ಲೇ. ಮುಂದಿನ ಸೀಟು ಬಿಟ್ಟು ಎಲ್ಲೂ ಕೂರುತ್ತಿರಲಿಲ್ಲವಂತೆ.

“ಒಂದು ಸಲ ತಟ್ಟಬೇಡಮ್ಮ,” ಅಂದಳು. “ಕಂಡಕ್ಟರು ಒಂದು ಗಂಟೆ ಹೊಡೆದ್ರೆ ಬಸ್ಸು ನಿಲ್ಲಿಸು ಅಂತ. ಅವರು ನಿಲ್ಲಿಸ್ತಿದ್ದಾರೆ, ಪಾಪ. ಹೋಗು ಅನ್ನೋದಕ್ಕೆ ಎರಡು.”

ಹುಡುಗಿ ನಮ್ಮನ್ನೆಲ್ಲ ಒಮ್ಮೆ ನೋಡಿ, ಕುರ್ಚಿಗೆ ಟಕ್ ಟಕ್ ಎಂದು ಎರಡು ಸಲ ತಟ್ಟಿದಳು. ಭಾವನ ಕಾಲು ಮಣೆಯಿಂದ ಮೆಲ್ಲಗೆ ಎದ್ದಿತು. ಮರಕುಟಿಗ ಕೆಲಸಕ್ಕಿಳಿಯಿತು. ಹೆಬ್ಬೆರಳು ಮಿಡಿಯಿತು.

ವಾರಗಳು ಕಳೆದವು. ಮಂಚದ ದಿಂಬು ಸೊಟ್ಟಗಾಗುವುದು ಕಡಿಮೆಯಾಯಿತು. ನನ್ನ ಸೊಂಟಕ್ಕೆ ಬೀಳುವ ಒದೆಗಳು ವಿರಳವಾದವು. ಭಾವನನ್ನು ಪ್ರಶ್ನೆ ಕೇಳಿ ಅಂಕ ಹಾಕುತ್ತಿದ್ದ ಡಾಕ್ಟರಿಗೆ ಸಮಾಧಾನವಾಗಿತ್ತು. ಅಕ್ಕನಿಗೆ ಆಗಿರಲಿಲ್ಲ. ಊಟ ಈಗಲೂ ಚೆನ್ನಾಗಿಯೇ ಇರುತ್ತಿತ್ತು.

ಚಿಕಿತ್ಸೆ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ತಿರುವಿನಲ್ಲಿ ನಾನು ವಿಧಿಪ್ರಕಾರ ನಿಧಾನಿಸಿದೆ. ಬೆನ್ನ ಹಿಂದೆಯೇ ಲಾರಿಯೊಂದು ಹಾರ್ನ್ ಬಜಾಯಿಸಿತು. ಗಾಬರಿಯಲ್ಲಿ ಏನನ್ನು ಒತ್ತಿದೆನೋ, ಕಾರು ಕೆಮ್ಮಿ ರಸ್ತೆ ನಡುವೆಯೇ ನಿಂತಿತು. ಲಾರಿ ಹಿಂದೆ ನಿಂತು ಬಡಿದುಕೊಳ್ಳುತ್ತಲೇ ಇತ್ತು. ನಾನು ಕಣ್ಣು ಮುಚ್ಚಿ, ಸೊಂಟ ಬಿಗಿಹಿಡಿದು ಒದೆಗಾಗಿ ಕಾದೆ.

ಒದೆ ಬರಲಿಲ್ಲ.

“ಲೋ ಪ್ರೊಫೆಸರ್. ಕ್ಲಚ್ಚು ಅಂತ ಒಂದಿದೆ, ನಿನ್ನ ಸಿಲಬಸ್ಸಲ್ಲಿ ಬರಲ್ವಾ? ಈ ಕಾರಿಗೆ ಬಾಯಿದ್ದಿದ್ರೆ ಎಂದೋ ರಾಜೀನಾಮೆ ಕೊಡ್ತಿತ್ತು. ಇಳಿಯೋ ಕೆಳಗೆ.”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಇನ್ನೂ ಸ್ವಲ್ಪ ಬೈರಿ,” ಅಂದಳು.

ಸೀಟು ಬದಲಾಯಿಸಿದೆವು. ಅಕ್ಕ ಡ್ರೈವರ್ ಸೀಟಿನ ಹಿಂದಕ್ಕೆ ಸರಿದಳು, ನಾನು ಅವಳ ಪಕ್ಕ ಎಡಬಾಗಿಲ ಬಳಿ ಕೂತೆ. ಭಾವ ಸ್ಟೇರಿಂಗ್ ಹಿಡಿದರು. ಇಂಜಿನ್ ಶುರುವಾಯಿತು, ಗೇರು ಬಿತ್ತು. ಕಾರು ಕದಲಲಿಲ್ಲ. ಅವರು ಕನ್ನಡಿಯಲ್ಲಿ ಲಾರಿಯನ್ನೇ ನೋಡುತ್ತ ಕೂತಿದ್ದರು, ಕಾಲು ಬ್ರೇಕಿನ ಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈ ಮೇಲೆತ್ತಿ ಕಾರಿನ ಚಾವಣಿಗೆ ಟಕ್ ಟಕ್ ಎಂದು ತಟ್ಟಿದಳು.

ಕಾರು ಹೊರಟಿತು. ಅದು ಅಷ್ಟು ನಯವಾಗಿ ಓಡಬಲ್ಲದೆಂದು ನನಗೆ ತಿಳಿದಿರಲಿಲ್ಲ.

ಮುಂದಿನ ಬಸ್‌ಸ್ಟಾಪಿಗೆ ಬರುತ್ತಲೇ ಅದು ತಾನಾಗಿ ಪಕ್ಕಕ್ಕೆ ಸರಿದು, ಕಾದಿದ್ದವರ ಮುಂದೆ ಅಂಚಿಗೆ ಅಂಚು ಹಚ್ಚಿ ನಿಂತಿತು. ಚೀಲ ಹಿಡಿದ ಹೆಂಗಸೊಬ್ಬರು ಬಗ್ಗಿ ನೋಡಿ, ಮಾರ್ಕೆಟ್ಟಿಗೆ ಹೋಗುತ್ತದೆಯೇ ಎಂದು ಕೇಳಿದರು.

“ಹತ್ತಿ ತಾಯಿ, ಜಾಗ ಇದೆ,” ಅಂದರು ಭಾವ. “ಪ್ರೊಫೆಸರ್, ಒಳಗೆ ಸರಿ. ಬಾಗಿಲಲ್ಲಿ ನಿಂತಂಗೆ ಕೂರಬೇಡ.”

ನಾನು ಸರಿದೆ. ಆಕೆ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಕೂತರು. ಬಾಗಿಲು ಮುಚ್ಚಿತೇ ಎಂದು ನೋಡಿಕೊಂಡು ಅಕ್ಕ ಮತ್ತೆ ಎರಡು ಸಲ ತಟ್ಟಿದಳು.