ಕಿವಿಗೆ ಬೀಳುವಷ್ಟು ಹತ್ತಿರ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಲೆಕ್ಕದ ಮೇಡಂ ಎನ್ನುತ್ತಿದ್ದರು. ಜನರ ಅಭಿಪ್ರಾಯ ಒಬ್ಬರಿಂದೊಬ್ಬರಿಗೆ ಹೇಗೆ ಹಬ್ಬುತ್ತದೆ, ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಸಮೀಕರಣ ಬರೆಯುವುದು ಅವಳ ಕೆಲಸ. ಬರೆದೂ ಬರೆದೂ ಸುಸ್ತಾಗಿದ್ದಳು. ಆ ಸಮೀಕರಣದ ಪ್ರಕಾರ, ಮನುಷ್ಯ ತನ್ನ ಅಭಿಪ್ರಾಯಕ್ಕೆ ಹತ್ತಿರವಿದ್ದವರ ಮಾತನ್ನಷ್ಟೇ ಕೇಳುತ್ತಾನೆ, ಕೇಳಿ ತುಸು ಅವರ ಕಡೆ ಸರಿಯುತ್ತಾನೆ. ದೂರದವರು ಎಷ್ಟು ಬಾಯಿ ಬಡಿದುಕೊಂಡರೂ ಅವನ ಕಿವಿಗೆ ಬೀಳುವುದಿಲ್ಲ.

ಇಷ್ಟೆಲ್ಲ ತಿಳಿದವಳು ಸ್ವಂತ ತಮ್ಮನೆದುರು ತಲೆ ಚಚ್ಚಿಕೊಳ್ಳುತ್ತಿದ್ದಳು! ಬಸ್ ಡ್ರೈವರ್ ಆಗಿದ್ದ ಅವನು ಮೊಬೈಲಿನ ಯಾವುದೋ ಗುಂಪನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದ. ಕಾಲಿನ ಗಾಯ ಮಾಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಬೈದಳು, ಅತ್ತಳು, ಕೈಮುಗಿದಳು. ಅವನು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಆ ಭಾನುವಾರ ಅವನ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ವಾದಿಸುವ ತ್ರಾಣವೇ ಇರಲಿಲ್ಲ. ತನ್ನ ಸಮೀಕರಣವನ್ನೇ ನಂಬಿ ಅವನ ಕಡೆ ಒಂದು ಹೆಜ್ಜೆ ಸರಿದಳು.

"ನೀನ್ ಹೇಳೋದ್ರಲ್ಲೂ ನಿಜ ಇದೆ ಕಣೋ. ಈ ಮಾತ್ರೆಗಳಲ್ಲಿ ಅರ್ಧಕ್ಕರ್ಧ ಬೇಡದವೇ, ಡಾಕ್ಟ್ರು ಸುಮ್ನೆ ಬರೀತಾರೆ. ಆದ್ರೆ ನಿಂದು ಮಾತ್ರ ಬೇಕೇ ಬೇಕು."

ತಮ್ಮ ತಲೆಯೆತ್ತಿ ನೋಡಿದ. "ಅಯ್ಯೋ ಅಕ್ಕ, ಇದನ್ನ ಮೊದ್ಲೇ ಹೇಳಬಾರದಿತ್ತಾ!" ಎಂದು ಅವಳೆದುರೇ ಮಾತ್ರೆ ನುಂಗಿದ. ಅವಳಿಗೆ ಅಳು ಬಂತು. ತನ್ನ ಲೆಕ್ಕ ಒಮ್ಮೆಯಾದರೂ ಮನೆಯವರ ಕೆಲಸಕ್ಕೆ ಬಂತಲ್ಲ ಎಂದು ಸಮಾಧಾನವಾಯಿತು.

ಕೆಲವು ವಾರಗಳಲ್ಲಿ ಗಾಯ ಒಣಗತೊಡಗಿತು. ಆ ಸುದ್ದಿ ಹೇಳಲು ಅಮ್ಮನ ಮನೆಗೆ ಹೋದರೆ, ಅಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದಳು.

"ತಲೆ ಸುತ್ತುತ್ತಾ? ಬಿಪಿ ಮಾತ್ರೆ ತಗೊಂಡ್ಯಾ?"

"ಬಿಟ್ಬಿಟ್ಟೆ. ನಿನ್ ತಮ್ಮ ಎಷ್ಟು ದಿನದಿಂದ ಹೇಳ್ತಿದ್ದ, ನಾನು ಕಿವಿಗೇ ಹಾಕ್ಕೊಂಡಿರ್ಲಿಲ್ಲ. ಆಮೇಲೆ ನೀನೂ ಹಾಗೇ ಅಂದ್ಯಂತಲ್ಲ. ನೀನು ಓದಿದವಳು."

ತಾನು ತಮ್ಮನ ಕಡೆ ಸರಿದು ಆಡಿದ ಮಾತನ್ನು ಅವನು ಅಮ್ಮನವರೆಗೂ ದಾಟಿಸುತ್ತಾನೆ ಎಂಬುದು ಲೆಕ್ಕದ ಮೇಡಂಗೆ ಹೊಳೆದೇ ಇರಲಿಲ್ಲ. ಈಗ ನಿಜ ಹೇಳಿದರೆ ಸಂಜೆಯೊಳಗೆ ಅದು ತಮ್ಮನಿಗೂ ಮುಟ್ಟುತ್ತದೆ. ಅವನು ಮತ್ತೆ ಮಾತ್ರೆ ಎಸೆಯುತ್ತಾನೆ. ಆದರೂ ಅವಳು ಡಬ್ಬಿ ತೆರೆದು ಅಮ್ಮನ ಮುಂದೆ ಮಾತ್ರೆ ಹಿಡಿದಳು.

"ತಗೋಮ್ಮ. ಅವ್ನ ಹತ್ರ ನಾನು ಹೇಳಿದ್ದು ಸುಳ್ಳು."

ಅಮ್ಮ ಮಾತ್ರೆಯಿಂದ ಮಗಳ ಮುಖದ ಕಡೆ ಕಣ್ಣೆತ್ತಿದಳು.

"ಅವ್ನ ಹತ್ರ ಹೇಳಿದ್ದು ಸುಳ್ಳೋ, ಈಗ ನನ್ ಹತ್ರ ಹೇಳ್ತಿರೋದು ಸುಳ್ಳೋ?"

ಅಮ್ಮ ಮಾತ್ರೆಗೆ ಕೈ ಚಾಚಲಿಲ್ಲ.