ಹಸಿರು ಸೀರೆಯ ಅರ್ಧ

ತೊಟ್ಟಿಲ ಕೌದಿಗೆ ಮನೆಯವರು ಉಟ್ಟು ಮೆತ್ತಗಾದ ಸೀರೆಗಳೇ ಬೇಕು. ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ವೀರಬಸಮ್ಮ, ಬಸುರಿ ಸೊಸೆ ವಿಜಯಶ್ರೀಗೆ ಆರು ತಿಂಗಳು ತುಂಬಿದಾಗ ಆಳಿನ ಕೈಯಲ್ಲಿ ಆರು ಸೀರೆಗಳ ಗಂಟನ್ನು ಪೆದ್ದಹರಿವಾಣಕ್ಕೆ, ನನ್ನ ಮನೆಗೆ ಕಳಿಸಿದ್ದಳು. ಬಿಚ್ಚಿ ಬಿಸಿಲಿಗೆ ಹಾಕುವಾಗ ಹಸಿರು ಸೀರೆಯೊಂದು ಕೈಗೆ ಬಂತು. ಅರ್ಧ ಸೀರೆಯಷ್ಟೇ ಇತ್ತು. ಕತ್ತರಿಸಿದ ಅಂಚು ನೋಡಿದೆ. ಆ ಕತ್ತರಿ ನನ್ನದು.

ಅದನ್ನು ಪೆಟ್ಟಿಗೆಯ ತಳಕ್ಕಿಟ್ಟೆ. ಆ ಜಾಗಕ್ಕೆ ನನ್ನದೇ ಒಂದು ಸೀರೆ ಹರಿದು ಹಾಕಿದೆ. ಐದು ಹೆತ್ತು ಬದುಕಿದವಳ ಸೀರೆ, ಕೆಡುಕಿಲ್ಲ. ನಲವತ್ತು ದಿನ ಹೊಲಿದೆ.

ಮುಗಿದ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಕಾರಿನಲ್ಲಿ ಬಂದರು. ಸೊಸೆ ಉಸಿರು ಬಿಡುತ್ತ ಚಾಪೆಯ ಮೇಲೆ ಕೂತು ಕೌದಿಯ ಮೇಲೆ ಕೈಯಾಡಿಸಿದಳು.

"ಎಷ್ಟಾತು ಶಂಕ್ರಮ್ಮ?" ವೀರಬಸಮ್ಮ ಕೇಳಿದಳು.

"ಎರಡು ಸಾವಿರ್ರಿ ಅವ್ವಾರ."

"ಯಾಕ, ಬಂಗಾರದ ಸೂಜೀಲೆ ಹೊಲದೀ ಏನು? ಬಜಾರ್‌ನ್ಯಾಗ ನಾನ್ನೂರಕ್ಕ ರಗ್ಗು ಸಿಗತೈತಿ. ಬಟ್ಟಿ ನಮ್ದು. ನಿಂದೇನೈತಿ, ದಾರ."

"ನಲವತ್ತು ದಿನದ ಕೆಲಸರಿ."

"ಮನ್ಯಾಗ ಕುಂತು ಮತ್ತೇನ್ ಮಾಡ್ತಿದ್ದಿ? ನೊಣ ಹೊಡೀತಿದ್ದಿ!" ಐನೂರರ ಒಂದು ನೋಟು ಚಾಪೆಯ ಮೇಲೆ ಬಿತ್ತು. "ಸಾಕು, ಇಟ್ಕೋ."

ನಾನು ಮುಟ್ಟಲಿಲ್ಲ. ವೀರಬಸಮ್ಮ ಕೌದಿ ಹರವಿ ತುಂಡುಗಳನ್ನು ಬೆರಳಿಟ್ಟು ಎಣಿಸತೊಡಗಿದಳು.

"ಇದು ನಮ್ಮದಲ್ಲ. ಆರು ಕಳ್ಸಿದ್ದೆ, ಐದ ಅದಾವ. ಇನ್ನೊಂದು ಎಲ್ಲಿ?"

"ತೊಟ್ಟಿಲಿಗೆ ಹಾಕಂಥದ್ದಲ್ಲರಿ ಅದು. ಬಿಡ್ರಿ."

"ಸೀರಿ ನುಂಗಿ ಮ್ಯಾಲೆ ಎರಡು ಸಾವಿರ! ತಾ ಇಲ್ಲಿ. ಟೇಲರ್ ಕಡಿಂದ ನಾನ ಹಚ್ಚಿಸ್ತೀನಿ."

ಅದನ್ನು ಹಚ್ಚಿದರೆ ಕೂಸಿನ ಮೈಗೇ ತಾಗುತ್ತದೆ. ಕಳ್ಳಿ ಅನ್ನಿಸಿಕೊಂಡೇ ಸುಮ್ಮನಿರಬಹುದಿತ್ತು. ಆದರೆ ಆ ಮಾತು ಹೊರಲಾರದೆ ಎದ್ದು ಹೋಗಿ ತಂದೆ.

ಗಂಟಿನಲ್ಲಿ ಆಳು ಏನೇನು ಕಟ್ಟಿದ್ದನೋ ವೀರಬಸಮ್ಮ ನೋಡಿರಲಿಲ್ಲ. ಈಗ ನೋಡಿದಳು. ಕೈ ಚಾಚುವಷ್ಟರಲ್ಲಿ ಸೊಸೆ ತೆಗೆದುಕೊಂಡಾಗಿತ್ತು.

"ಭಾಳ ಚಂದೈತಿ. ಯಾರದತ್ತಿ ಇದು? ಅರ್ಧ ಏನಾತು?"

ಅತ್ತೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹುಡುಗಿ ನನ್ನ ಕಡೆ ತಿರುಗಿದಳು. "ಯಾರು ಕತ್ತರಿಸ್ಯಾರಜ್ಜಿ?"

"ನಾನ, ತಾಯಿ."

"ಯಾವಾಗ? ಯಾತಕ್ಕ?"

ವೀರಬಸಮ್ಮನ ಚೀಲ ಸರಕ್ಕನೆ ತೆರೆಯಿತು. ಆ ಐನೂರರ ಮೇಲೆ ಇನ್ನೂ ಐದು ನೋಟು ಬಿದ್ದವು. "ತಗೋ ಶಂಕ್ರಮ್ಮ. ನೀ ಕೇಳಿದ್ದಲ್ದ ಇನ್ನೂ ಸಾವಿರ ಐತಿ. ಹೊಲಿಗಿ ಛಲೋ ಆಗೈತಿ. ಏಳು ವಿಜಿ, ಹೊತ್ತಾಗಾಕತ್ತೈತಿ."

ಕೆಲಸಕ್ಕೆ ಕೇಳಿದಾಗ ಹುಟ್ಟದ ಬೆಲೆ ಬಾಯಿ ಮುಚ್ಚಿಕೊಳ್ಳುವುದಕ್ಕೆ ಕೇಳದೇ ಬಂದಿತ್ತು. ನಾಲ್ಕು ನೋಟು ತೆಗೆದುಕೊಂಡೆ. ಎರಡನ್ನು ಹಿಂದಕ್ಕೆ ಸರಿಸಿದೆ.

"ಹೊಲಿಗಿದಷ್ಟ ಸಾಕ್ರಿ ಅವ್ವಾರ." ಹುಡುಗಿಗೆ ಹೇಳಿದೆ, "ಆರು ವರ್ಷಾತು. ನಿನ್ನ ಗಂಡನ ಮೊದಲನೇ ಹೆಂಡ್ತಿ ಮಹೇಶ್ವರಿ ಇದ ಚಾಪಿ ಮ್ಯಾಲೆ ಕುಂತು ಇದರ ಅರ್ಧ ನನ್ನ ಕೈಲೆ ಕತ್ತರಿಸಿದ್ಲು, ತನ್ನ ಕೂಸಿನ ಕೌದಿಗೆ. ಹೆರಿಗ್ಯಾಗ ತಾಯಿನೂ ಉಳಿಲಿಲ್ಲ, ಕೂಸೂ ಉಳಿಲಿಲ್ಲ. ಅಂಥಾಕಿ ಬಟ್ಟಿ ನಾವು ತೊಟ್ಟಿಲಿಗೆ ಹಾಕಂಗಿಲ್ಲ ತಾಯಿ."

"ಆಕಿ ಬಸರ ಆಗೇ ಇಲ್ಲ ಅಂದಿದ್ರಿ ಅತ್ತಿ," ಹುಡುಗಿ ಅಂದಳು. ದನಿ ಏರಿರಲಿಲ್ಲ. "ಜ್ವರ ಬಂದು ಸತ್ಲು ಅಂದಿದ್ರಿ."

"ಮುದುಕಿಗೆ ಅರಳು ಮರಳು. ಏಳು ಮ್ಯಾಲೆ."

ವಿಜಯಶ್ರೀ ನೆಲಕ್ಕೆ ಕೈಯೂರಿ ಎದ್ದಳು. ಹಸಿರು ಸೀರೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಕಾರಿನವರೆಗೂ ಹಿಂದೆ ಹೋಗಿ "ಬಿಡಮ್ಮಾ ಅದನ್ನ" ಎಂದೆ. ಕೇಳಿಸಿತೋ ಇಲ್ಲವೋ. ಕಾರಿನ ಗಾಜು ಏರಿತು.

ಒಳಗೆ ಬಂದು ನೋಡಿದರೆ ಕೌದಿ ಚಾಪೆಯ ಮೇಲೇ ಇತ್ತು, ಪಕ್ಕದಲ್ಲಿ ಆ ಎರಡು ನೋಟು.

ಆಕೆಯ ದಿನ ತುಂಬುವ ಅಮಾವಾಸ್ಯೆ ಹೋಗಿ ಇನ್ನೊಂದು ಅಮಾವಾಸ್ಯೆ ಬಂತು. ಕೌದಿಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ತೆಗೆದಿಡುತ್ತೇನೆ. ಆದೋನಿಯಿಂದ ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ, ಹೆರಿಗೆಯ ಸುದ್ದಿಯೂ ಬಂದಿಲ್ಲ.